ನಿಲುವೂ ಲೈನ್‌ಔಟೂ: ಒಂದು ರೂಢಮತದ ಪರಾಮರ್ಶೆ

ರಗ್‌ಬಿ ಆಟದಲ್ಲಿ ಲೈನ್‌ಔಟನ್ನು ಗೆಲ್ಲುವವರು ಎತ್ತರದ ಆಳುಗಳೆಂಬುದು ಆ ಆಟವನ್ನು ಬಲ್ಲವರಲ್ಲಿಯೂ ಅರೆಬಲ್ಲವರಲ್ಲಿಯೂ ಸಮಾನವಾಗಿ ಬೇರೂರಿರುವ ಅಭಿಪ್ರಾಯ. ಮೇಲಿನಿಂದ ಬರುವ ಚೆಂಡು ಉದ್ದನೆಯವನ ಕೈಗೆ ಮೊದಲು ಸಿಕ್ಕುತ್ತದೆ. ಇದರಲ್ಲಿ ವಿಚಾರ ಮಾಡತಕ್ಕದ್ದು ಏನಿದೆ ಎಂದು ಕೇಳುವವರೇ ಹೆಚ್ಚು. ಇತಿಹಾಸದ ಅಧ್ಯಾಪಕರಾದ ನಾವು ಈ ಮಾತನ್ನು ಪರಾಮರ್ಶೆಗೆ ಎತ್ತಿಕೊಂಡುದಕ್ಕೆ ಕಾರಣ ಆಟದ ಮೇಲಣ ಅಕ್ಕರೆಯೊಂದೇ ಅಲ್ಲ. ಪ್ರಶ್ನೆ ಆಟದ ಬಯಲಿನದಾದರೂ ಅದರೊಳಗಿನ ತರ್ಕ ನಮ್ಮ ಶಾಸ್ತ್ರದ್ದೇ. ಒಂದು ಕಾರ್ಯಕ್ಕೆ ಹಲವು ಕಾರಣಗಳು ಕೂಡಿಬಂದಿರುವಾಗ, ಕಣ್ಣಿಗೆ ಮೊದಲು ಬಿದ್ದ ಕಾರಣಕ್ಕೆ ಎಲ್ಲ ಫಲವನ್ನೂ ಆರೋಪಿಸುವುದು ಇತಿಹಾಸಕಾರನು ದಿನವೂ ಎದುರಿಸುವ ಪ್ರಲೋಭನ. ಆ ದೋಷವನ್ನು ನಮ್ಮಿಂದ ದೂರವಿರುವ ಒಂದು ವಿಷಯದಲ್ಲಿ ಪರೀಕ್ಷಿಸುವುದು ಸುಲಭ. ಅಲ್ಲಿ ನಮ್ಮ ಅಭಿಮಾನ ಅಡ್ಡಬರುವುದಿಲ್ಲ.

ಈ ಆಟ ನಮ್ಮ ದೇಶಕ್ಕೆ ತೀರ ಅಪರಿಚಿತವೆನ್ನುವಂತಿಲ್ಲ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ತಂಡಗಳು ೧೮೭೯ರಿಂದ ಸೆಣಸುತ್ತ ಬಂದಿರುವ ಬಟ್ಟಲು, ಕಲ್ಕತ್ತೆಯ ಫುಟ್‌ಬಾಲ್ ಕ್ಲಬ್ಬಿನವರು ತಮ್ಮಲ್ಲಿ ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಮಾಡಿಸಿಕೊಟ್ಟುದು. ಆದರೂ ವಾಚಕರ ಅನುಕೂಲಕ್ಕಾಗಿ ಲೈನ್‌ಔಟಿನ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕಾಗಿದೆ. ಚೆಂಡು ಪಾರ್ಶ್ವರೇಖೆಯನ್ನು ದಾಟಿ ಹೊರಹೋದಾಗ ಎರಡು ತಂಡಗಳ ಮುಂದಾಳುಗಳು ಆ ರೇಖೆಗೆ ಲಂಬವಾಗಿ, ನಡುವೆ ಒಂದು ಮೀಟರು ತೆರವು ಬಿಟ್ಟು, ಎರಡು ಸಾಲಾಗಿ ನಿಲ್ಲುತ್ತಾರೆ. ಈ ಸಾಲು ರೇಖೆಯಿಂದ ೫ ಮೀಟರಿಗೂ ೧೫ ಮೀಟರಿಗೂ ನಡುವೆ ಇರತಕ್ಕದ್ದು. ಚೆಂಡನ್ನು ಪಡೆದ ಪಕ್ಷದ ಹುಕರನು ಆ ತೆರವಿನೊಳಗೆ ನೇರವಾಗಿ ಎಸೆಯುತ್ತಾನೆ, ಒಬ್ಬನು ಜಿಗಿಯುತ್ತಾನೆ, ಅವನ ಹಿಂದೆ ಮುಂದೆ ನಿಂತ ಇಬ್ಬರು ಅವನನ್ನು ತೊಡೆಯ ಬಳಿ ಹಿಡಿದು ಮೇಲಕ್ಕೆತ್ತುತ್ತಾರೆ. ಎಲ್ಲಿಗೆ ಎಸೆಯಬೇಕು, ಯಾರು ಏಳಬೇಕು ಎಂಬುದನ್ನು ಸಂಕೇತದ ಮಾತಿನಿಂದ ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸೋಣ. ಇಂದಿನ ವೃತ್ತಿಪರ ತಂಡಗಳಲ್ಲಿ ಲಾಕ್ ಎಂಬ ಸ್ಥಾನದಲ್ಲಿ ಆಡುವವರು ಬಹುಮಟ್ಟಿಗೆ ೨ ಮೀಟರಿನ ಆಸುಪಾಸಿನವರು. ೨೦೦೩ರಲ್ಲಿ ವಿಶ್ವಕಪ್ಪನ್ನು ಗೆದ್ದ ಇಂಗ್ಲೆಂಡಿನ ನಾಯಕ ಮಾರ್ಟಿನ್ ಜಾನ್ಸನ್ ೨.೦೧ ಮೀಟರು, ಲೈನ್‌ಔಟಿನಲ್ಲಿ ಸಾಟಿಯಿಲ್ಲದವನೆಂದು ಹೆಸರಾದ ದಕ್ಷಿಣ ಆಫ್ರಿಕದ ವಿಕ್ಟರ್ ಮ್ಯಾಟ್‌ಫೀಲ್ಡನೂ ಅಷ್ಟೇ. ಹಣ ತೆತ್ತು ಆಟಗಾರರನ್ನು ಆರಿಸುವವರು ಇಂಥ ದೇಹಗಳನ್ನೇ ಹುಡುಕುತ್ತಾರೆಂದರೆ ಅದಕ್ಕೆ ಆಧಾರವಿಲ್ಲದೆ ಇರಲಾರದು. ಇದಿಷ್ಟೂ ನಿಜ. ಆದರೆ ಇದರಿಂದ ‘ನಿಲುವು ಹೆಚ್ಚಿದಷ್ಟೂ ಗೆಲುವು ಹೆಚ್ಚು’ ಎಂಬ ಸಿದ್ಧಾಂತ ಹೊರಡುವುದೇ ಎಂಬುದು ಬೇರೆಯ ಪ್ರಶ್ನೆ.

ಈ ಮತದ ಮೊದಲನೆಯ ದೋಷ ಕಾಲವನ್ನು ಮರೆತಿರುವುದು. ಲೈನ್‌ಔಟ್ ಎಂಬ ಹೆಸರು ಒಂದೇ ಆದರೂ ಅದು ಸೂಚಿಸುವ ವಸ್ತು ಒಂದೇ ಆಗಿ ಉಳಿದಿಲ್ಲ. ೧೯೬೩ರಲ್ಲಿ ಮರ್‍ರೆಫೀಲ್ಡಿನಲ್ಲಿ ವೇಲ್ಸ್ ಸ್ಕಾಟ್ಲೆಂಡನ್ನು ೬–೦ಯಿಂದ ಸೋಲಿಸಿದ ಪಂದ್ಯದಲ್ಲಿ ೧೧೧ ಲೈನ್‌ಔಟುಗಳು ನಡೆದವು. ಇಂದಿನ ಅಂತರರಾಷ್ಟ್ರೀಯ ಪಂದ್ಯದಲ್ಲಿ ಅವು ಸುಮಾರು ೨೫. ಆ ಕಾಲದಲ್ಲಿ ಚೆಂಡನ್ನು ಎಸೆಯುತ್ತಿದ್ದವನು ಸಾಮಾನ್ಯವಾಗಿ ಅಂಚಿನ ಓಟಗಾರ. ಆ ಕೆಲಸ ಹುಕರನ ಪಾಲಿಗೆ ಬಂದುದು ೧೯೭೦ರ ದಶಕದಲ್ಲಿ. ಜಿಗಿಯುವವನನ್ನು ಎತ್ತುವುದಂತೂ ಬಹುಕಾಲ ನಿಷಿದ್ಧವಾಗಿತ್ತು. ಅದಕ್ಕೆ ಒಪ್ಪಿಗೆ ದೊರೆತುದು ೧೯೯೦ರ ದಶಕದಲ್ಲಿ, ಎಂದರೆ ಆಟವು ೧೯೯೫ರ ಆಗಸ್ಟಿನಲ್ಲಿ ವೃತ್ತಿಪರವೆಂದು ಘೋಷಿತವಾದ ಕಾಲಕ್ಕೆ ಹೊಂದಿಕೊಂಡೇ.

ಇಲ್ಲೊಂದು ಸ್ವಾರಸ್ಯವಿದೆ. ಎತ್ತುವವರ ನೆರವಿಲ್ಲದೆ ಸ್ವಂತ ಕಾಲಿನ ಬಲದಿಂದಲೇ ಜಿಗಿಯಬೇಕಾಗಿದ್ದ ಕಾಲದಲ್ಲಿ ದೇಹದ ಉದ್ದಕ್ಕೆ ಬೆಲೆ ಹೆಚ್ಚಾಗಿರಬೇಕಷ್ಟೆ. ಆದರೆ ೧೯೬೦ರ ದಶಕದಲ್ಲಿ ದಕ್ಷಿಣ ಆಫ್ರಿಕದ ಫ್ರಿಕ್ ಡು ಪ್ರೀ ಸುಮಾರು ೧.೮೮ ಮೀಟರಿನ ನಿಲುವಿನಿಂದಲೇ ಲಾಕ್ ಸ್ಥಾನದಲ್ಲಿ ಆಡಿ, ನೆಗೆತಕ್ಕೆ ಹೆಸರಾದನು. ನ್ಯೂಜಿಲೆಂಡಿನ ಕಾಲಿನ್ ಮೀಡ್ಸನ ಎತ್ತರ ೧.೯೨ ಮೀಟರಿನ ಸುಮಾರು. ಇಬ್ಬರೂ ಇಂದಿನ ಅಳತೆಗೋಲಿಗೆ ಗಿಡ್ಡರು. ಒಬ್ಬನ ಕೈ ತಾನಾಗಿ ಎಲ್ಲಿಗೆ ಎಟುಕುತ್ತದೆಂಬುದು ನಿರ್ಣಾಯಕವಾಗಿದ್ದಾಗ ಆಟಗಾರರು ಗಿಡ್ಡರಾಗಿದ್ದರು. ಇಬ್ಬರು ಎತ್ತಿಹಿಡಿಯಲು ಅವಕಾಶವಾದ ಮೇಲೆ ಎತ್ತರದವರಾದರು. ಆದಕಾರಣ ಎತ್ತರದ ಲಾಕ್‌ಗಳ ಪ್ರಾಚುರ್ಯವನ್ನು ಲೈನ್‌ಔಟಿನ ಅಗತ್ಯದಿಂದ ಮಾತ್ರವೇ ವಿವರಿಸಲಾಗದು. ಜನಾಂಗಗಳ ಸರಾಸರಿ ನಿಲುವು ಬೆಳೆದಿದೆ, ಆಯ್ಕೆಯ ಕ್ಷೇತ್ರ ವಿಸ್ತಾರವಾಗಿದೆ, ಸ್ಕ್ರಮ್ಮಿಗೂ ಮೌಲಿಗೂ ಭಾರವಾದ ಶರೀರ ಬೇಕಾಗಿದೆ.

ಎರಡನೆಯ ದೋಷ, ಮೂವರ ಕೆಲಸವನ್ನು ಒಬ್ಬನದೆಂದು ಎಣಿಸಿರುವುದು. ಇದನ್ನು ಒಂದು ಸ್ಥೂಲವಾದ ಲೆಕ್ಕದಿಂದ ತೋರಿಸಬಹುದು. ಎತ್ತುವವರ ಅಂಗೈಗಳು ಅವರ ನಿಲುವಿನ ಸುಮಾರು ೧.೨ ಪಟ್ಟಿನವರೆಗೆ ಏರುತ್ತವೆನ್ನೋಣ. ಆ ಅಂಗೈಗಳ ಮೇಲೆ ಜಿಗಿದವನ ತೊಡೆ. ತೊಡೆಯಿಂದ ಚಾಚಿದ ಬೆರಳ ತುದಿಯವರೆಗಿನ ಅಳತೆ ಅವನ ನಿಲುವಿಗೆ ಹೆಚ್ಚುಕಡಮೆ ಸಮ, ಸ್ವಲ್ಪ ಕಡಮೆಯೇ. ಹೀಗಿರಲು, ಜಿಗಿಯುವವನು ೧೦ ಸೆಂಟಿಮೀಟರು ಉದ್ದನಾದರೆ ಚೆಂಡನ್ನು ಹಿಡಿಯುವ ಎತ್ತರ ಹೆಚ್ಚುವುದು ಸುಮಾರು ೯ ಅಥವಾ ೧೦ ಸೆಂಟಿಮೀಟರು. ಎತ್ತುವವರಿಬ್ಬರೂ ೧೦ ಸೆಂಟಿಮೀಟರು ಉದ್ದನಾದರೆ ಅದು ಹೆಚ್ಚುವುದು ೧೨ ಸೆಂಟಿಮೀಟರು. ಎಂದರೆ ನಿಲುವಿಗೆ ಪ್ರಾಶಸ್ತ್ಯ ಕೊಡುವುದಾದರೂ ಅದು ಮೊದಲು ಸಲ್ಲಬೇಕಾದುದು, ಯಾರ ಹೆಸರೂ ವರದಿಯಲ್ಲಿ ಬಾರದ ಆ ಇಬ್ಬರಿಗೆ. ಕಂಬ ಏರಿದವನನ್ನು ನೋಡುವ ಗಡಿಬಿಡಿಯಲ್ಲಿ ಕಂಬವನ್ನು ಮರೆತಂತಾಯಿತು. ಅದೂ ಅಲ್ಲದೆ ಉದ್ದನೆಯವನು ಸಾಮಾನ್ಯವಾಗಿ ಭಾರವುಳ್ಳವನು. ಭಾರವುಳ್ಳವನು ನಿಧಾನವಾಗಿ ಏಳುತ್ತಾನೆ. ಆಸ್ಟ್ರೇಲಿಯದ ವಿಲ್ ಸ್ಕೆಲ್ಟನನ ನಿಲುವು ೨.೦೩ ಮೀಟರು, ಆದರೆ ಅವನ ದೇಹದ ಭಾರದ ದೆಸೆಯಿಂದ ಅವನನ್ನು ಮೇಲಕ್ಕೆತ್ತುವುದು ವಿರಳ. ನಿಲುವೇ ಸರ್ವಸ್ವವಾಗಿದ್ದರೆ ಇದಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಮೂರನೆಯದು ವೇಳೆಯ ಮಾತು. ಎತ್ತಿಸಿಕೊಳ್ಳುವವನ ದೇಹ ಒಂದೂವರೆ ಮೀಟರು ಏರುತ್ತದೆಂದೂ ಅದಕ್ಕೆ ಮುಕ್ಕಾಲು ಸೆಕೆಂಡು ಹಿಡಿಯುತ್ತದೆಂದೂ ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲು ತಡವಾದವನು ೨೦ ಸೆಂಟಿಮೀಟರು ಕೆಳಗೆ ಉಳಿಯುತ್ತಾನೆ. ವೃತ್ತಿಪರ ಲಾಕ್‌ಗಳ ನಿಲುವಿನಲ್ಲಿ ಇಷ್ಟೊಂದು ವ್ಯತ್ಯಾಸ ಅಪರೂಪ. ಎಸೆಯುವ ಪಕ್ಷಕ್ಕೆ ಸ್ಥಳವೂ ಗಳಿಗೆಯೂ ಮೊದಲೇ ತಿಳಿದಿವೆ. ಎದುರು ಪಕ್ಷ ಊಹಿಸಬೇಕು. ಉನ್ನತ ಮಟ್ಟದ ಆಟದಲ್ಲಿ ಎಸೆಯುವ ಪಕ್ಷವೇ ತನ್ನ ಎಸೆತಗಳಲ್ಲಿ ನೂರಕ್ಕೆ ೮೦ರಿಂದ ೯೦ರಷ್ಟನ್ನು ಉಳಿಸಿಕೊಳ್ಳುವುದಕ್ಕೆ ಕಾರಣ ಈ ತಿಳಿವಳಿಕೆಯೇ ಹೊರತು, ಎಸೆಯುವ ಪಕ್ಷದವರು ಆ ಗಳಿಗೆಯಲ್ಲಿ ಎತ್ತರವಾಗಿಬಿಡುವುದಲ್ಲ.

ಇನ್ನು ನಮ್ಮ ತಾರ್ಕಿಕರು ಹೇಳುವ ಅನ್ವಯ ವ್ಯತಿರೇಕಗಳಿಂದ ಪರೀಕ್ಷಿಸೋಣ. ನಿಲುವು ಇದ್ದಲ್ಲಿ ಗೆಲುವು ಇದ್ದು, ಅದು ಇಲ್ಲದಲ್ಲಿ ಗೆಲುವೂ ಇಲ್ಲದಿದ್ದರೆ ಮಾತ್ರ ಒಂದನ್ನು ಇನ್ನೊಂದರ ಕಾರಣವೆನ್ನಬಹುದು. ೨೦೦೭ರ ಅಕ್ಟೋಬರ್ ೨೦ರಂದು ಪ್ಯಾರಿಸ್ಸಿನಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ದಕ್ಷಿಣ ಆಫ್ರಿಕ ಇಂಗ್ಲೆಂಡನ್ನು ೧೫–೬ರಿಂದ ಗೆದ್ದಿತು. ಆ ದಿನ ಇಂಗ್ಲೆಂಡ್ ತನ್ನ ಎಸೆತಗಳಲ್ಲಿ ಹಲವನ್ನು ಕಳೆದುಕೊಂಡಿತು. ಆದರೆ ಇಂಗ್ಲೆಂಡಿನ ಲಾಕ್‌ಗಳೇನು ಕುಳ್ಳರೇ? ಸೈಮನ್ ಶಾ ೨.೦೩ ಮೀಟರು, ಮ್ಯಾಟ್‌ಫೀಲ್ಡನಿಗಿಂತ ಉದ್ದ. ಬೆನ್ ಕೇ ೧.೯೮ ಮೀಟರು. ನಿಲುವು ಎರಡೂ ಕಡೆ ಸಮವಾಗಿತ್ತು, ಫಲ ಸಮವಾಗಿರಲಿಲ್ಲ. ವ್ಯತ್ಯಾಸವಿದ್ದುದು ಎದುರಾಳಿಗಳ ಕ್ರಮವನ್ನು ಮೊದಲೇ ಅಭ್ಯಾಸಮಾಡಿ ಬಂದಿದ್ದ ಮ್ಯಾಟ್‌ಫೀಲ್ಡನ ಓದಿನಲ್ಲಿ.

೨೦೦೩ರ ನವೆಂಬರ್ ೨೨ರಂದು ಸಿಡ್ನಿಯಲ್ಲಿ ನಡೆದ ಅಂತಿಮ ಪಂದ್ಯ ಇನ್ನೂ ಸ್ಪಷ್ಟವಾದ ನಿದರ್ಶನ. ಹೆಚ್ಚುವರಿ ವೇಳೆಯ ಕೊನೆಯ ನಿಮಿಷ. ಇಂಗ್ಲೆಂಡಿಗೂ ಆಸ್ಟ್ರೇಲಿಯಕ್ಕೂ ಸಮ ಅಂಕ. ಇಂಗ್ಲೆಂಡಿಗೆ ದೊರೆತ ಲೈನ್‌ಔಟಿನಲ್ಲಿ ಸ್ಟೀವ್ ಥಾಂಪ್ಸನನು ಚೆಂಡನ್ನು ಎಸೆದುದು ನಾಯಕ ಜಾನ್ಸನನಿಗಲ್ಲ. ಸಾಲಿನ ತುದಿಯಲ್ಲಿದ್ದ, ೧.೯೧ ಮೀಟರಿನ ಫ್ಲಾಂಕರ್ ಲೂಯಿಸ್ ಮೂಡಿಗೆ. ಅಲ್ಲಿಂದ ಮುಂದುವರಿದ ಆಟದಲ್ಲಿ ಜಾನಿ ವಿಲ್ಕಿನ್ಸನನು ಹೊಡೆದ ಡ್ರಾಪ್ ಗೋಲಿನಿಂದ ಇಂಗ್ಲೆಂಡ್ ೨೦–೧೭ರಿಂದ ವಿಶ್ವಕಪ್ಪನ್ನು ಪಡೆಯಿತು. ಅತಿ ದೂರದ, ಅತಿ ಅಪಾಯದ ಎಸೆತವನ್ನು ನಂಬಿದವರು ನಿಲುವನ್ನು ನಂಬಲಿಲ್ಲ, ಹುಕರನ ಕೈಯನ್ನು ನಂಬಿದರು. ಆ ಕೈಯ ಬೆಲೆ ಅದು ತಪ್ಪಿದಾಗಲೂ ತಿಳಿಯುತ್ತದೆ. ೨೦೨೩ರ ಅಂತಿಮ ಪಂದ್ಯದ ಆರಂಭದಲ್ಲಿಯೇ ದಕ್ಷಿಣ ಆಫ್ರಿಕದ ಹುಕರ್ ಬೊಂಗಿ ಎಂಬೊನಾಂಬಿ ಗಾಯಗೊಂಡು ಹೊರನಡೆದನು. ಲಾಕ್‌ಗಳು ಅವರೇ, ಅವರ ನಿಲುವೂ ಅದೇ. ಆದರೂ ಆ ಬಳಿಕ ತಂಡದ ಲೈನ್‌ಔಟ್ ಕಷ್ಟಕ್ಕೆ ಸಿಕ್ಕಿತು. ಪಂದ್ಯವನ್ನು ಅವರು ನ್ಯೂಜಿಲೆಂಡಿನ ಮೇಲೆ ೧೨–೧೧ರಿಂದ ಗೆದ್ದುದು ಬೇರೆ ಬಲಗಳಿಂದ.

ವ್ಯತಿರೇಕಕ್ಕೆ ಜಪಾನನ್ನು ನೋಡಬೇಕು. ೨೦೧೫ರ ಸೆಪ್ಟೆಂಬರ್ ೧೯ರಂದು ಬ್ರೈಟನ್ನಿನಲ್ಲಿ ಜಪಾನ್ ದಕ್ಷಿಣ ಆಫ್ರಿಕವನ್ನು ೩೪–೩೨ರಿಂದ ಸೋಲಿಸಿತು. ಜಪಾನಿನ ಲಾಕ್‌ಗಳಲ್ಲಿ ಹಿತೋಷಿ ಓನೊ ೧.೯೨ ಮೀಟರು, ಲ್ಯೂಕ್ ಥಾಂಪ್ಸನ್ ೧.೯೬ ಮೀಟರು, ಎದುರಿಗಿದ್ದ ಮ್ಯಾಟ್‌ಫೀಲ್ಡ್, ಲೂಡ್ ಡಿ ಯಾಗರ್ ಇಬ್ಬರೂ ೨ ಮೀಟರನ್ನು ಮೀರಿದವರು. ನಿಲುವಿನ ಸಿದ್ಧಾಂತದ ಪ್ರಕಾರ ಜಪಾನಿನ ಲೈನ್‌ಔಟ್ ನುಚ್ಚುನೂರಾಗಬೇಕಾಗಿತ್ತು. ಹಾಗಾಗಲಿಲ್ಲ. ಅವರ ನಾಯಕ ಮೈಕಲ್ ಲೀಚನ ಟ್ರೈಯೂ ಅಯುಮು ಗೊರೊಮಾರುವಿನ ಟ್ರೈಯೂ ಹುಟ್ಟಿದುದೇ ಲೈನ್‌ಔಟಿನಿಂದ. ಮುಂದಾಳುಗಳಿಗೆ ಶಿಕ್ಷಣ ಕೊಟ್ಟವನು ಇಂಗ್ಲೆಂಡಿನ ಹಳೆಯ ಲಾಕ್ ಸ್ಟೀವ್ ಬಾರ್ತ್‌ವಿಕ್. ದೇಹದಲ್ಲಿ ಕೊರತೆಯಾದುದನ್ನು ಅವರು ವೇಗದಿಂದಲೂ ಅಭ್ಯಾಸದಿಂದಲೂ ತುಂಬಿಕೊಂಡರು.

ಇಷ್ಟರಿಂದ ಎದುರುಮತದ ಅತಿಗೆ ಹೋಗಿ, ನಿಲುವಿಗೆ ಬೆಲೆಯೇ ಇಲ್ಲವೆನ್ನುವುದೂ ತಪ್ಪು. ಕೆಲವರು ವೃತ್ತಿಪರ ಲಾಕ್‌ಗಳನ್ನಷ್ಟೇ ಪರಸ್ಪರ ಹೋಲಿಸಿ, ಉದ್ದನೆಯವನಿಗೂ ಗಿಡ್ಡನಿಗೂ ಫಲದಲ್ಲಿ ಭೇದ ಕಾಣದಿರಲು, ನಿಲುವು ನಿಷ್ಪ್ರಯೋಜಕವೆಂದು ತೀರ್ಮಾನಿಸಿಬಿಡುತ್ತಾರೆ. ಇದು ಜರಡಿ ಹಿಡಿದ ಮೇಲೆ ಉಳಿದ ಕಾಳುಗಳನ್ನು ಅಳೆದು, ಕಾಳಿನ ಗಾತ್ರಕ್ಕೂ ಜರಡಿಗೂ ಸಂಬಂಧವಿಲ್ಲವೆಂದಂತೆ. ಅಳತೆಗೆ ಸಿಕ್ಕುವವರೆಲ್ಲರೂ ಆಗಲೇ ಆಯ್ಕೆಯಾದವರು. ಆಯ್ಕೆಯಾಗದವರು ಲೆಕ್ಕದಲ್ಲಿಯೇ ಇಲ್ಲ. ಉಳಿದು ಬಂದ ಶಾಸನಗಳಿಂದ ಮಾತ್ರ ಒಂದು ರಾಜ್ಯದ ಜನಜೀವನವನ್ನು ಬರೆಯುವವನಿಗೂ ಇದೇ ಅಪಾಯವುಂಟು: ಶಾಸನ ಬರೆಸಲಾರದವರು ಅಲ್ಲಿ ಇದ್ದೇ ಇಲ್ಲವೆಂದು ತೋರುತ್ತದೆ. ಎದುರು ಪಕ್ಷ ಜಿಗಿಯದೆ ಬಿಟ್ಟುಕೊಟ್ಟ ಎಸೆತವನ್ನೂ ಸೆಣಸಾಡಿ ಪಡೆದ ಎಸೆತವನ್ನೂ ಒಂದೇ ಅಂಕಣದಲ್ಲಿ ಕೂಡಿಸುವುದು ಇದೇ ಬಗೆಯ ಇನ್ನೊಂದು ತಪ್ಪು. ಅಲ್ಲಿ ‘ಗೆಲುವು’ ಎಂಬ ಮಾತಿಗೆ ಎರಡು ಅರ್ಥ.

ಆದುದರಿಂದ ನಮ್ಮ ಸಿದ್ಧಾಂತ ಇಷ್ಟು. ನಿಲುವು ಲೈನ್‌ಔಟಿಗೆ ಹೊಸ್ತಿಲಿನಂಥದು. ಅದನ್ನು ದಾಟಿದವನಿಗೆ ಅದು ನೆರವಾಗುತ್ತದೆ. ವಿಶೇಷವಾಗಿ ಎರಡು ಪಕ್ಷಗಳೂ ಒಂದೇ ಗಳಿಗೆಯಲ್ಲಿ ಒಂದೇ ಸ್ಥಳದಲ್ಲಿ ಎದ್ದಾಗ ಉದ್ದನೆಯ ತೋಳು ಗೆಲ್ಲುತ್ತದೆ. ಆದರೆ ಅಂಥ ಗಳಿಗೆಯನ್ನು ಒದಗಿಸುವುದೂ ತಪ್ಪಿಸುವುದೂ ಎಸೆತ, ಎತ್ತುಗೆ, ಸಂಕೇತ, ಊಹೆ ಎಂಬ ನಾಲ್ಕರ ಕೆಲಸ. ೨೦೦೧ರ ಜುಲೈ ೧೪ರಂದು ಸಿಡ್ನಿಯಲ್ಲಿ, ಬ್ರಿಟಿಷ್ ಲಯನ್ಸ್ ತಂಡದ ಆಸೆಯೆಲ್ಲ ಒಂದು ಲೈನ್‌ಔಟಿನ ಮೇಲೆ ನಿಂತಿದ್ದಾಗ, ಜಾನ್ಸನನಿಗೆಂದು ಎಸೆದ ಚೆಂಡನ್ನು ಅಂದೇ ತನ್ನ ಮೊದಲ ಟೆಸ್ಟನ್ನು ಆಡುತ್ತಿದ್ದ ಜಸ್ಟಿನ್ ಹ್ಯಾರಿಸನ್ ಕಸಿದುಕೊಂಡನು. ಆಸ್ಟ್ರೇಲಿಯ ೨೯–೨೩ರಿಂದ ಗೆದ್ದಿತು. ಹ್ಯಾರಿಸನನ ನಿಲುವು ೨.೦೩ ಮೀಟರು. ಅವನು ಜಾನ್ಸನನಿಗಿಂತ ೨ ಸೆಂಟಿಮೀಟರು ಉದ್ದನಾದುದರಿಂದ ಗೆದ್ದನೆನ್ನುವುದು ಕಾಕತಾಳೀಯವನ್ನು ಕಾರಣವೆಂದು ಕರೆದಂತೆ. ಚೆಂಡು ಎಲ್ಲಿಗೆ ಬರುವುದೆಂದು ಊಹಿಸಿ ಅಲ್ಲಿ ಎದ್ದುದರಿಂದ ಗೆದ್ದನು. ಎದ್ದ ಮೇಲೆ ನಿಲುವು ಕೈಗೂಡಿತು.

ಇದು ಕೇವಲ ಆಟದ ಮಾತಾಗಿದ್ದರೆ ನಾವು ಇಷ್ಟು ಪುಟಗಳನ್ನು ತುಂಬುತ್ತಿರಲಿಲ್ಲ. ಮೈಯಳತೆಯಿಂದ ಯೋಗ್ಯತೆಯನ್ನು ನಿರ್ಣಯಿಸುವ ಮನೋಧರ್ಮ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ನಮ್ಮ ಇತಿಹಾಸದಲ್ಲಿಯೇ ಕಹಿಯಾದ ಸಾಕ್ಷ್ಯವಿದೆ. ೧೮೮೫ರಿಂದ ೧೮೯೩ರವರೆಗೆ ಭಾರತದ ದಂಡನಾಯಕನಾಗಿದ್ದ ರಾಬರ್ಟ್ಸನು ‘ಯೋಧ ಜನಾಂಗ’ಗಳ ವಾದವನ್ನು ಹಿಡಿದು, ಉತ್ತರದ ಗಟ್ಟಿಮೈಯ ಜನರನ್ನು ಮೆಚ್ಚಿ, ದಕ್ಷಿಣದ ಸಿಪಾಯಿಗಳನ್ನು ಹಿಂದಕ್ಕೆ ತಳ್ಳಿದನು. ಮದರಾಸಿನ ಹಳೆಯ ದಳಗಳಲ್ಲಿ ಕೆಲವಕ್ಕೆ ಹೆಸರು ಮಾತ್ರ ದಕ್ಷಿಣದ್ದಾಗಿ ಉಳಿಯಿತು. ಆ ವಾದಕ್ಕೂ ಆಧಾರವೆಂದು ತೋರಿಸಿದುದು ಅಳತೆಗಳನ್ನೂ ಆಯ್ದ ಕೆಲವು ಯುದ್ಧಗಳನ್ನೂ. ಶಿಕ್ಷಣ, ನಾಯಕತ್ವ, ಅವಕಾಶ ಇವು ಲೆಕ್ಕಕ್ಕೆ ಬರಲಿಲ್ಲ. ಇಂದು ಹದಿನಾರು ವರ್ಷದ ಹುಡುಗನೊಬ್ಬನನ್ನು ಗೋಡೆಯ ಗುರುತಿಗೆ ನಿಲ್ಲಿಸಿ, ನಾಲ್ಕು ಬೆರಳು ಕಡಮೆಯಾದನೆಂದು ಹಿಂದಕ್ಕೆ ಕಳುಹಿಸುವ ಶಿಕ್ಷಕನು ಅರಿಯದೆ ಅದೇ ತರ್ಕವನ್ನು ಬಳಸುತ್ತಾನೆ. ಅವನು ಅಳೆದುದರಲ್ಲಿ ತಪ್ಪಿಲ್ಲ. ಅಳತೆಗೆ ಸಿಕ್ಕದ ಕಾರಣಗಳನ್ನು ಇಲ್ಲವೆಂದು ಎಣಿಸಿದುದೇ ತಪ್ಪು.