ಹಬ್ಬಕ್ಕೆ ಬಂದ ದೆವ್ವಗಳು

ಮೊದಲೆಲ್ಲ ಹಬ್ಬದ ಸಿನಿಮಾ ಎಂದರೆ ಹೊಡೆದಾಟ, ಐದಾರು ಹಾಡು, ಕೊನೆಗೊಂದಿಷ್ಟು ತಾಯಿಯ ಕಣ್ಣೀರು. ಈಗ ಆ ಜಾಗದಲ್ಲಿ ದೆವ್ವ ಬಂದು ಕೂತಿದೆ. 2024ರ ಸ್ವಾತಂತ್ರ್ಯ ದಿನಕ್ಕೆ ‘ಸ್ತ್ರೀ 2’, ಅದೇ ವರ್ಷ ದೀಪಾವಳಿಗೆ ‘ಭೂಲ್ ಭುಲಯ್ಯಾ 3’, 2025ರ ದೀಪಾವಳಿಗೆ ‘ಥಾಮಾ’. ಶಿಕಾರಿಪುರ, ಸೊರಬ ಕಡೆಯ ನಮ್ಮಂಥವರ ಮನೆಗೆ ಇವು ತಲುಪುವುದು ತಿಂಗಳೆರಡು ತಿಂಗಳು ತಡವಾಗಿ, ಟಿ.ವಿ.ಯಲ್ಲಿ ಇಲ್ಲವೇ ಮಕ್ಕಳ ಮೊಬೈಲಿನಲ್ಲಿ. ದೆವ್ವ ಬಾಯಿ ತೆರೆಯುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಕೂಗುತ್ತದೆ, ಇಲ್ಲವೇ ಕರೆಂಟು ಹೋಗುತ್ತದೆ. ಒಳಕೋಣೆಯಿಂದ ಅಮ್ಮಿ, “ಆಯತುಲ್ ಕುರ್ಸಿ ಓದ್ಕೊಂಡು ಮಲಗ್ರೋ” ಎನ್ನುತ್ತಾರೆ. ಟಾಕೀಸಿನ ಕತ್ತಲಲ್ಲಿ ಎದೆ ನಡುಗಿಸುವ ಸದ್ದೆಲ್ಲ ಇಲ್ಲಿ ಸೋರಿಹೋಗಿ ಕಥೆ ಮಾತ್ರ ಉಳಿಯುತ್ತದೆ. ಇಂಥ ಚಿತ್ರಗಳ ತೂಕ ತಿಳಿಯಲು ಮನೆಯೇ ಸರಿಯಾದ ತಕ್ಕಡಿ.

ಈದ್ ಚಿತ್ರಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಸಲ್ಮಾನ್ ಖಾನರ ‘ಸಿಕಂದರ್’ (2025) ನೋಡುತ್ತ ನಮ್ಮ ಮನೆಯಲ್ಲಿ ಮೂವರು ನಿದ್ದೆ ಹೋದರು. 2015ರ ಈದಿಗೆ ಬಂದ ‘ಬಜರಂಗಿ ಭಾಯಿಜಾನ್’ ಅನ್ನು ಇಂದಿಗೂ ಮಕ್ಕಳು ಹಾಕಿಕೊಂಡು ನೋಡುತ್ತಾರೆ. ಮಾತು ಬಾರದ ಆ ಹುಡುಗಿಗೆ ಕಥೆಯಲ್ಲಿ ನಿಜವಾಗಿ ಕೆಲಸವಿತ್ತು.

2018ರಲ್ಲಿ ಬಂದ ಮೊದಲ ‘ಸ್ತ್ರೀ’ ಚಂದೇರಿಯಲ್ಲಿ ನಡೆಯುತ್ತದೆ. ಆದರೆ ಬಾಗಿಲ ಮೇಲೆ ಬರೆದುದನ್ನು ಓದಿ ಹಿಂದಿರುಗುವ ಆ ದೆವ್ವ ನಮ್ಮದು. ತೊಂಬತ್ತರ ದಶಕದಲ್ಲಿ ಕರ್ನಾಟಕದ ಊರೂರಿನ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನಲವತ್ತು ದಾಟಿದವರಿಗೆ ನೆನಪಿರಬೇಕು. ನಮ್ಮ ಮೊಹಲ್ಲಾದಲ್ಲಿ ಮೇಲೆ 786, ಕೆಳಗೆ ಸುಣ್ಣದಲ್ಲಿ ‘ನಾಳೆ ಬಾ’. ಉರ್ದುವಿನಲ್ಲಿ ಯಾರೂ ಬರೆಯಲಿಲ್ಲ. ಕರ್ನಾಟಕದ ದೆವ್ವಕ್ಕೆ ಕನ್ನಡ ಬಿಟ್ಟು ಬೇರೆ ಓದಲು ಬರುವುದಿಲ್ಲ ಎಂಬುದರಲ್ಲಿ ಸಾಹೇಬರಿಗೂ ಶೆಟ್ಟರಿಗೂ ಭಿನ್ನಾಭಿಪ್ರಾಯ ಇರಲಿಲ್ಲ! ಆ ದಂತಕಥೆಯ ತಮಾಷೆಯನ್ನೂ ಅದರೊಳಗಿನ ನೋವನ್ನೂ ಮೊದಲ ‘ಸ್ತ್ರೀ’ ಹಿಡಿದಿತ್ತು. ಅವಳು ಕೇಳುವುದು ಪ್ರೀತಿ ಮತ್ತು ಮರ್ಯಾದೆ. ‘ಸ್ತ್ರೀ 2’ರಲ್ಲಿ ರುಂಡವಿಲ್ಲದ ಒಬ್ಬ ಗಂಡಸು ಹೊಸ ಕಾಲದ ಹೆಣ್ಣುಮಕ್ಕಳನ್ನು ಹೊತ್ತೊಯ್ಯುತ್ತಾನೆ. ವಿಚಾರವೇನೋ ಒಳ್ಳೆಯದೇ. ಆದರೆ ಹೆಣ್ಣಿನ ಸ್ವಾತಂತ್ರ್ಯ ಹೇಳಹೊರಟ ಚಿತ್ರಕ್ಕೆ ನಡುವೆ ಒಂದು ಐಟಂ ಹಾಡು ಏಕೆ ಬೇಕಾಯಿತೋ.

ನನಗೆ ನಿಜವಾಗಿ ಕಸಿವಿಸಿ ತಂದದ್ದು ‘ಭೂಲ್ ಭುಲಯ್ಯಾ’ ಸರಣಿ. ಇದರ ಮೂಲ 1993ರ ಮಲಯಾಳಂ ಚಿತ್ರ, ಫಾಸಿಲ್ ನಿರ್ದೇಶನದ ‘ಮಣಿಚಿತ್ರತ್ತಾಳ್’. ಅಲ್ಲಿ ದೆವ್ವವೇ ಇಲ್ಲ. ಮನಸ್ಸು ಕದಡಿದ ಒಬ್ಬ ಹೆಂಡತಿ ಇದ್ದಾಳೆ, ಅವಳ ಕಾಯಿಲೆಯನ್ನು ಗುರುತಿಸುವ ವೈದ್ಯನಿದ್ದಾನೆ. 2004ರಲ್ಲಿ ಪಿ. ವಾಸು ಅದನ್ನು ‘ಆಪ್ತಮಿತ್ರ’ವಾಗಿ ಕನ್ನಡಕ್ಕೆ ತಂದರು. ವಿಷ್ಣುವರ್ಧನ್ ಮನೋವೈದ್ಯ, ಸೌಂದರ್ಯ ರೋಗಿ. ವೈದ್ಯ ಉಳಿದ, ಆದರೆ ಮನೆಯೊಳಗೆ ಒಂದು ಹಾವೂ ಹೊಕ್ಕಿತು. ಚಿತ್ರ ತೆರೆಗೆ ಬರುವ ಮೊದಲೇ ವಿಮಾನ ಅಪಘಾತದಲ್ಲಿ ಸೌಂದರ್ಯ ತೀರಿಕೊಂಡರು. 2010ರಲ್ಲಿ ‘ಆಪ್ತರಕ್ಷಕ’ ಬರುವ ಮುನ್ನ ವಿಷ್ಣುವರ್ಧನ್ ಹೋದರು. ಜನ ನಾಗವಲ್ಲಿಯ ಹೆಸರು ಹೇಳಿ ಪಿಸುಗುಟ್ಟಿದರು. 2007ರ ಹಿಂದಿ ‘ಭೂಲ್ ಭುಲಯ್ಯಾ’ದಲ್ಲೂ ವೈದ್ಯನಿದ್ದ. 2022ರ ಎರಡನೇ ಭಾಗದಲ್ಲಿ ವೈದ್ಯ ಮಾಯ, ದೆವ್ವ ಅಸಲಿ. ಸುಮಾರು ಮೂವತ್ತು ವರ್ಷಗಳಲ್ಲಿ ಸಿನಿಮಾ ಆಸ್ಪತ್ರೆಯಿಂದ ಮಾಟದ ಕಡೆಗೆ ನಡೆದುಹೋಯಿತು.

ಇದನ್ನು ಬರೀ ಮನರಂಜನೆ ಎಂದು ಬಿಟ್ಟುಬಿಡಲು ನನ್ನಿಂದ ಆಗುವುದಿಲ್ಲ. ಸೊರಬದ ಕಡೆಯ ಒಬ್ಬ ಬಾಣಂತಿ ಹೆರಿಗೆಯಾದ ಮೇಲೆ ಮಾತು ಬಿಟ್ಟಳು, ಮಗುವನ್ನು ಮುಟ್ಟಲಿಲ್ಲ. ‘ಹವಾ ಲಗೀ’ ಎಂದರು ಮನೆಯವರು. ಒಬ್ಬ ಆಮಿಲ್ ತಾಯಿತ ಕಟ್ಟಿದ, ಇನ್ನೊಬ್ಬ ಮೆಣಸಿನಕಾಯಿ ಹೊಗೆ ಹಾಕಿದ. ಶಿವಮೊಗ್ಗದ ವೈದ್ಯರ ಬಳಿ ಹೋಗುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು. ಮಾತ್ರೆ ನುಂಗಿ ಗುಣವಾದಳು. ದೆವ್ವ ಬಿಡಿಸುವ ನೆಪದಲ್ಲಿ ಹಿಂಸಿಸುವುದರ ವಿರುದ್ಧ ಕರ್ನಾಟಕದಲ್ಲಿ 2017ರ ಕಾಯಿದೆಯೇ ಇದೆ. ಆದರೆ ಆ ಮನೆಯವರಿಗೆ ನಾಗವಲ್ಲಿ ಗೊತ್ತು, ಮಂಜುಲಿಕಾ ಗೊತ್ತು, ಕಾಯಿದೆ ಗೊತ್ತಿಲ್ಲ.

ಈ ಗುಂಪಿನಲ್ಲಿ ನನಗೆ ಸಮಾಧಾನ ತಂದದ್ದು, ಯಾವ ಹಬ್ಬಕ್ಕೂ ಕಾಯದೆ 2025ರ ಜುಲೈನಲ್ಲಿ ಬಂದ ಜೆ.ಪಿ. ತುಮಿನಾಡು ಅವರ ‘ಸು ಫ್ರಂ ಸೋ’. ಕಳ್ಳನೋಟಕ್ಕೆ ಸಿಕ್ಕಿಬಿದ್ದ ಕರಾವಳಿಯ ಹುಡುಗನೊಬ್ಬ ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಆ ದೆವ್ವಕ್ಕೆ ಸೋಮೇಶ್ವರದ ಸುಲೋಚನಾ ಎಂದು ಹೆಸರೂ ಬೀಳುತ್ತದೆ. ಊರಿಗೆ ಊರೇ ನಂಬುತ್ತದೆ. ನಗುವಷ್ಟೂ ನಗಿಸಿ, ಆಮೇಲೆ ಚಿತ್ರ ಸುಲೋಚನಾಳ ಮಗಳು ಭಾನುವಿನ ಮನೆಗೆ ಕರೆದೊಯ್ಯುತ್ತದೆ. ಸತ್ತ ತಾಯಿಯ ಹೆಸರಿಗೆ ನಡುಗುವ ಊರು, ಬದುಕಿರುವ ಮಗಳ ಕಷ್ಟವನ್ನು ಕೇಳಿರುವುದೇ ಇಲ್ಲ. ಸಿನಿಮಾದ ಹೆಣ್ಣು ದೆವ್ವವಾದ ಮೇಲಷ್ಟೇ ಗಂಡಸರು ಕಿವಿಗೊಡುತ್ತಾರೆ ಎಂಬುದನ್ನು ಈ ಚಿತ್ರ ಅರಿತಿದೆ. ಅಕ್ಕಮಹಾದೇವಿಯ ಉಡುತಡಿ ನಮ್ಮ ಶಿಕಾರಿಪುರ ತಾಲ್ಲೂಕಿನದೇ. ಆಕೆ ಹೇಳಬೇಕಾದ್ದನ್ನು ಬದುಕಿದ್ದಾಗಲೇ ಹೇಳಿದಳು, ಅದೂ ಹನ್ನೆರಡನೇ ಶತಮಾನದಲ್ಲಿ.

ಒಂದು ದೂರು ಇದ್ದೇ ಇದೆ. ಭಾನು ಬರುವುದು ತಡ, ಅವಳಿಗೆ ಕೊಟ್ಟ ಮಾತೂ ಕಡಿಮೆ. ಅವಳ ಬಿಡುಗಡೆಗೂ ಕೊನೆಗೆ ಒಬ್ಬ ಹುಡುಗನ ಮೈಮೇಲೆ ಸುಲೋಚನಾ ಬರಬೇಕಾಯಿತು. ಚಿತ್ರ ಮುಗಿದಾಗ ಅಮ್ಮಿ ಕೇಳಿದ್ದೂ ಅದನ್ನೇ: “ಆ ಹುಡುಗಿ ಮುಂದೆ ಎಲ್ಲಿ ಇರ್ತಾಳಂತೆ?”