ನಡುವಿನ ಕುರ್ಚಿ

ಕೆಲವು ವರ್ಷಗಳ ಹಿಂದೆ ಗೆಳೆಯನೊಬ್ಬನಿಗೆ ಉದ್ದನೆಯ ಇಮೇಲ್ ಬರೆದಿದ್ದೆ. ಯಾರೋ ಬಳಸಿ ಬಿಟ್ಟ ಪ್ಲೇಯರೊಂದನ್ನು ಕೊಂಡು ತಂದು, ಪಿಂಕ್ ಫ್ಲಾಯ್ಡ್ ತಂಡದ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ ಆಲ್ಬಮ್ಮಿನ ಸೂಪರ್ ಆಡಿಯೊ ಸಿಡಿ ಹಾಕಿ, ಐದು ಸ್ಪೀಕರುಗಳ ನಡುವೆ ಕೂತು ಕೇಳಿದ ರಾತ್ರಿಯ ವರ್ಣನೆ ಅದು. ಗಿಟಾರಿನ ತಂತಿ ಮಿಡಿದ ಮೇಲೆ ಉಳಿಯುವ ಸಣ್ಣ ಕಂಪನ, ದನಿಯ ಹಿಂದಿನ ಉಸಿರು, ಎಲ್ಲವೂ ಮೊದಲ ಸಲ ಕೇಳಿಸಿತು ಎಂದು ಎರಡು ಪುಟ ಕೊರೆದಿದ್ದೆ. ‘ಇನ್ನು ಮಾಮೂಲಿ ಸಿಡಿ ಕೇಳುವುದು ಕಷ್ಟ’ ಎಂಬ ತೀರ್ಪೂ ಕೊನೆಯಲ್ಲಿತ್ತು. ಅವನ ಉತ್ತರ ಎರಡೇ ಸಾಲು: ‘ಪ್ಲೇಯರಿನಿಂದ ರಿಸೀವರಿಗೆ ಎಷ್ಟು ವೈರು ಹಾಕಿದ್ದೀಯ? ಒಂದೇ ಆಪ್ಟಿಕಲ್ ಕೇಬಲ್ ಆದರೆ ನೀನು ಕೇಳಿದ್ದು ಮಾಮೂಲಿ ಸಿಡಿಯನ್ನೇ.’

ಎದ್ದು ಹೋಗಿ ನೋಡಿದೆ. ಒಂದೇ ಇತ್ತು.

ಆದದ್ದು ಇಷ್ಟು. ಆ ಡಿಸ್ಕಿನಲ್ಲಿ ಎರಡು ಪದರಗಳಿವೆ. ಒಂದು ಎಲ್ಲ ಪ್ಲೇಯರುಗಳೂ ಓದಬಲ್ಲ ಸಾಮಾನ್ಯ ಸಿಡಿಯ ಪದರ. ಇನ್ನೊಂದು ಸೋನಿ ಮತ್ತು ಫಿಲಿಪ್ಸ್ ಕಂಪನಿಗಳು 1999ರಲ್ಲಿ ಮಾರುಕಟ್ಟೆಗೆ ತಂದ ಹೊಸ ಬಗೆಯ ಪದರ. ಸುತ್ತುವರಿಯುವ ಧ್ವನಿ ಇರುವುದು ಈ ಎರಡನೆಯದರಲ್ಲಿ. ಅದನ್ನು ಜನ ನಕಲು ಮಾಡಿಕೊಂಡಾರು ಎಂಬ ಭಯದಿಂದ ಮಾಮೂಲಿ ಡಿಜಿಟಲ್ ದಾರಿಯಲ್ಲಿ ಹೊರಗೆ ಬಿಡುತ್ತಿರಲಿಲ್ಲ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಅದಕ್ಕೆ ಜಾಗವಾದದ್ದು 2005ರಲ್ಲಿ. ಅದಕ್ಕೂ ಹಳೆಯದಾದ ನನ್ನ ಯಂತ್ರದಿಂದ ಅದನ್ನು ಹೊರತೆಗೆಯಲು ಆರು ಅನಲಾಗ್ ವೈರು ಬೇಕು: ಮುಂದಿನ ಎಡಬಲಕ್ಕೆ ಎರಡು, ನಡುವಿಗೆ ಒಂದು, ಹಿಂದಿನ ಎಡಬಲಕ್ಕೆ ಎರಡು, ಮಂದ್ರ ಸದ್ದಿನ ಸಬ್‌ವೂಫರಿಗೆ ಒಂದು. ನಾನು ಕೇಳಿದ್ದು ಸಿಡಿಯ ಪದರವನ್ನು. ಅದರ ಎರಡು ಚಾನೆಲ್ಲುಗಳನ್ನು ಐದು ಸ್ಪೀಕರಿಗೆ ಹಂಚಿ ಹರಡಿದ್ದು ರಿಸೀವರಿನ ಕೈಚಳಕ. ಹೊಸ ಲೋಕವೆಂದು ನಾನು ಮೆಚ್ಚಿ ಬರೆದದ್ದು ಡಿಸ್ಕಿನ ಮೇಲಿದ್ದ ಹೆಸರನ್ನು.

ಪುಸ್ತಕದ ಬಗ್ಗೆ ಬರೆಯುವವರಿಗೆ ಈ ರೋಗ ಹೊಸದಲ್ಲ. ಬೆನ್ನುಡಿ ಓದಿ ಕಾದಂಬರಿ ಮೆಚ್ಚಿದವರನ್ನು ನಾವೆಲ್ಲ ಕಂಡಿದ್ದೇವೆ. ಆದರೂ ನನ್ನ ಕಿವಿ ಇಷ್ಟು ಸುಲಭವಾಗಿ ಮೋಸಹೋಯಿತಲ್ಲ ಎಂಬ ಕಸಿವಿಸಿ ಬಹಳ ದಿನ ಉಳಿಯಿತು. ಈ ಬರಹ ಹುಟ್ಟಿದ್ದು ಅದರಿಂದಲೇ. ಇಂಥ ಡಿಸ್ಕುಗಳಲ್ಲಿ ನಿಜವಾಗಿ ಕೇಳುವಂಥದ್ದು ಏನಿದೆ?

ಡಬ್ಬಿಯ ಮೇಲಿನ ಉತ್ತರ ಅಂಕಿಗಳಲ್ಲಿದೆ. ಸಾಮಾನ್ಯ ಸಿಡಿ ಸೆಕೆಂಡಿಗೆ 44,100 ಸಲ ಸದ್ದನ್ನು ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುತ್ತದೆ. ಸೂಪರ್ ಆಡಿಯೊ ಸಿಡಿ ಸೆಕೆಂಡಿಗೆ 28 ಲಕ್ಷಕ್ಕೂ ಹೆಚ್ಚು ಸಲ ಅಳೆಯುತ್ತದೆ, ಪ್ರತಿ ಸಲವೂ ಒಂದೇ ಬಿಟ್. ಈ ಅಂತರ ಕಿವಿಗೆ ಎಷ್ಟು ಗೊತ್ತಾಗುತ್ತದೆ? ಅಮೆರಿಕದ ಬ್ರ್ಯಾಡ್ ಮೇಯರ್ ಮತ್ತು ಡೇವಿಡ್ ಮೊರಾನ್ 2007ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಇಂಥ ಡಿಸ್ಕುಗಳ ಎರಡು ಚಾನೆಲ್ಲಿನ ಧ್ವನಿಯನ್ನು ಒಮ್ಮೆ ಇದ್ದ ಹಾಗೇ ಕೇಳಿಸಿ, ಇನ್ನೊಮ್ಮೆ ಸಿಡಿಯ ಗುಣಮಟ್ಟಕ್ಕೆ ಇಳಿಸಿ ಕೇಳಿಸಿ, ವ್ಯತ್ಯಾಸ ಗುರುತಿಸಲು ಹೇಳಿದರು. 554 ಪ್ರಯತ್ನಗಳಲ್ಲಿ 276 ಸರಿ. ನಾಣ್ಯ ಚಿಮ್ಮಿದ್ದರೂ ಇಷ್ಟೇ ಬರುತ್ತಿತ್ತು. ಆಮೇಲೆ 2016ರಲ್ಲಿ ಜೋಶುವಾ ರೀಸ್ ಇಂಥ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿ, ಸಣ್ಣದಾದರೂ ವ್ಯತ್ಯಾಸ ಗೊತ್ತಾಗುತ್ತದೆ, ಕಿವಿಗೆ ತರಬೇತಿ ಇದ್ದವರಿಗೆ ಹೆಚ್ಚು ಎಂದು ತೋರಿಸಿದರು. ವಾದ ಮುಗಿದಿಲ್ಲ. ಆದರೆ ಇಷ್ಟು ಸೂಕ್ಷ್ಮದ ಸಂಗತಿಗೆ ಎರಡು ಪುಟದ ಇಮೇಲ್ ಬೇಕಿರಲಿಲ್ಲ.

ಆರು ವೈರು ತಂದು ಜೋಡಿಸಿದ ಮೇಲೆ ಕೇಳಿಸಿದ್ದು ಬೇರೆಯೇ. ವಿವರ ಹೆಚ್ಚಾಯಿತೋ ಇಲ್ಲವೋ, ಈಗಲೂ ಖಚಿತವಾಗಿ ಹೇಳಲಾರೆ. ಆದರೆ ನಾನು ಕೂತ ಜಾಗ ಬದಲಾಗಿತ್ತು. ಎರಡು ಸ್ಪೀಕರಿನ ಸಂಗೀತದ ಮುಂದೆ ನಾವು ರಂಗದ ಎದುರು ಕೂತ ಪ್ರೇಕ್ಷಕರು. ಐದು ಸ್ಪೀಕರಿನದು ಕೇಳುಗನನ್ನು ಎಲ್ಲಿ ಬೇಕಾದರೂ ಕೂರಿಸಬಹುದು: ಸಭೆಯ ನಡುವೆ, ವಾದ್ಯಗಾರರ ವೃತ್ತದೊಳಗೆ, ಎಲ್ಲೂ ಇಲ್ಲದ ಕೋಣೆಯಲ್ಲಿ. ಕತೆಯನ್ನು ಯಾರ ಕಣ್ಣಿನಿಂದ ಹೇಳಬೇಕು ಎಂದು ಲೇಖಕ ಆರಿಸಿಕೊಳ್ಳುವ ಹಾಗೆ, ಈ ಡಿಸ್ಕುಗಳಲ್ಲಿ ಮಿಕ್ಸ್ ಮಾಡುವವರು ಕೇಳುಗನ ಕುರ್ಚಿಯನ್ನು ಆರಿಸುತ್ತಾರೆ. ಇವುಗಳ ವಿಮರ್ಶೆ ಶುರುವಾಗಬೇಕಾದದ್ದು ಅಲ್ಲಿಂದ ಎಂಬುದು ನನ್ನ ಅನಿಸಿಕೆ.

‘ಡಾರ್ಕ್ ಸೈಡ್’ ಇದಕ್ಕೆ ಒಳ್ಳೆಯ ಉದಾಹರಣೆ, ಏಕೆಂದರೆ ಅದಕ್ಕೆ ಪಾಠಾಂತರಗಳಿವೆ. ಸದ್ದನ್ನು ಕೇಳುಗರ ಸುತ್ತ ತಿರುಗಿಸುವ ಹುಚ್ಚು ಈ ತಂಡಕ್ಕೆ ಮೊದಲಿನಿಂದಲೂ ಇತ್ತು. 1967ರಲ್ಲೇ ಲಂಡನ್ನಿನ ಕ್ವೀನ್ ಎಲಿಜಬೆತ್ ಹಾಲ್‌ನಲ್ಲಿ, ಒಂದು ಹಿಡಿಕೆ ಆಡಿಸಿ ಸದ್ದನ್ನು ಸಭಾಂಗಣದ ಸುತ್ತ ಓಡಿಸುವ ಯಂತ್ರ ಬಳಸಿದ್ದರು. 1973ರ ಈ ಆಲ್ಬಮ್ಮಿನಲ್ಲಿ ‘ಟೈಮ್’ ಹಾಡಿನ ಆರಂಭಕ್ಕೆ ಒಟ್ಟಿಗೇ ಹೊಡೆದುಕೊಳ್ಳುವ ಗಡಿಯಾರಗಳನ್ನು ಎಂಜಿನಿಯರ್ ಆಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಯೊಂದರಲ್ಲಿ ಧ್ವನಿಮುದ್ರಿಸಿಕೊಂಡಿದ್ದರು. ನಾಲ್ಕು ಸ್ಪೀಕರಿನ ‘ಕ್ವಾಡ್ರೊಫೋನಿಕ್’ ಧ್ವನಿಯ ಪ್ರದರ್ಶನಕ್ಕೆಂದು ಮಾಡಿದ ಕೆಲಸವದು. ಅಂದರೆ ನಾವೆಲ್ಲ ಎರಡು ಸ್ಪೀಕರಿನಲ್ಲಿ ಕೇಳಿ ಬಾಯಿಪಾಠ ಮಾಡಿಕೊಂಡ ಆ ಗಡಿಯಾರಗಳು ಮೂಲದಲ್ಲಿ ನಾಲ್ಕು ದಿಕ್ಕಿಗಾಗಿ ಹುಟ್ಟಿದವು.

ಪಾರ್ಸನ್ಸ್ ಅವರೇ ಮಾಡಿದ 1973ರ ಕ್ವಾಡ್ ಮಿಕ್ಸ್ 2011ರಲ್ಲಿ ಡಿಸ್ಕಾಗಿ ಮತ್ತೆ ಸಿಕ್ಕಿತು. ನನ್ನ ಬಳಿಯಿದ್ದ 2003ರ ಸೂಪರ್ ಆಡಿಯೊ ಸಿಡಿಯದು ಜೇಮ್ಸ್ ಗಥ್ರಿ ಮಾಡಿದ ಮಿಕ್ಸ್. ಎರಡನ್ನೂ ಒಂದರ ಹಿಂದೊಂದು ಕೇಳುವುದು ಒಂದೇ ಕಾವ್ಯದ ಇಬ್ಬರು ವ್ಯಾಖ್ಯಾನಕಾರರನ್ನು ಓದಿದ ಹಾಗೆ. ಪಾರ್ಸನ್ಸ್‌ಗೆ ನಾಲ್ಕೂ ಮೂಲೆ ಸಮಾನ. ಗಿಟಾರನ್ನಾಗಲಿ ಕೀಲಿಮಣೆಯನ್ನಾಗಲಿ ಹಿಂದಿನ ಮೂಲೆಗೆ ಕಳಿಸಲು ಹಿಂಜರಿಯುವುದಿಲ್ಲ. ಹೊಸ ಆಟಿಕೆ ಸಿಕ್ಕ ಉತ್ಸಾಹ ಅದರಲ್ಲಿದೆ. ಗಥ್ರಿ ತಂಡವನ್ನು ಹೆಚ್ಚುಕಡಿಮೆ ಮುಂದೆಯೇ ನಿಲ್ಲಿಸಿ, ಕೋಣೆಯನ್ನು ಹಾಡಿನ ಅಗತ್ಯಕ್ಕೆ ತಕ್ಕಂತೆ ತೆರೆಯುತ್ತಾರೆ. ಹಾಡುಗಳಲ್ಲಿ ನನಗೆ ಗಥ್ರಿ ಹೆಚ್ಚು ಹಿಡಿಸಿದರು. ಆದರೆ ಹಾಡುಗಾರಿಕೆಯಿಲ್ಲದ ‘ಆನ್ ದ ರನ್’ನಲ್ಲಿ, ಓಡುವ ಹೆಜ್ಜೆ ಮತ್ತು ಸಿಂಥಸೈಜರಿನ ಗಿರಕಿಗಳಲ್ಲಿ, ಪಾರ್ಸನ್ಸ್‌ರ ಒರಟುತನವೇ ಸರಿ ಅನಿಸಿತು. ಅಲ್ಲಿ ದಿಕ್ಕು ತಪ್ಪಬೇಕು, ಅವರು ತಪ್ಪಿಸುತ್ತಾರೆ. ಆಲ್ಬಮ್ಮಿನ ಮೊದಲಿಗೂ ಕೊನೆಗೂ ಬರುವ ಎದೆಬಡಿತ ಇನ್ನೊಂದು ಪಾಠ. ತೀರ ತಗ್ಗಿನ ಸದ್ದು ಎತ್ತಣಿಂದ ಬಂತೆಂದು ಕಿವಿ ಹೇಳಲಾರದು. ಸದ್ದುಗಳು ಅಷ್ಟೆಲ್ಲ ದಿಕ್ಕುಗಳಿಂದ ಬರುವ ಆಲ್ಬಮ್ಮಿನಲ್ಲಿ ದಿಕ್ಕಿಲ್ಲದೆ ಉಳಿಯುವುದು ಆ ಎದೆಬಡಿತ. ಅದು ಹೊರಗಿನದೋ ನನ್ನದೋ ಎಂಬ ಅನುಮಾನ ಅರೆಕ್ಷಣ ಬಂದು ಹೋಗುತ್ತದೆ.

ಇದೆಲ್ಲ ಸ್ಟುಡಿಯೊದ ಚಮತ್ಕಾರವಲ್ಲವೇ ಎಂದು ಕೇಳಬಹುದು. ಉತ್ತರ ವಿದ್ಯುತ್ತಿಗಿಂತ ಹಿಂದಿನದು. ಫ್ರಾನ್ಸಿನ ಬರ್ಲಿಯೋಜ್ ರಚಿಸಿದ ‘ರೆಕ್ವಿಯಮ್’ 1837ರ ಡಿಸೆಂಬರಿನಲ್ಲಿ ಪ್ಯಾರಿಸ್ಸಿನ ಇನ್ವಾಲಿಡ್ ಚರ್ಚಿನಲ್ಲಿ ಮೊದಲು ಪ್ರಯೋಗವಾಯಿತು. ಅಂತಿಮ ತೀರ್ಪಿನ ದಿನದ ಕಹಳೆ ಮೊಳಗುವ ಕಡೆ, ಹಿತ್ತಾಳೆಯ ಊದುವಾದ್ಯಗಳ ನಾಲ್ಕು ತಂಡಗಳು ನಾಲ್ಕು ಮೂಲೆಗಳಲ್ಲಿ ನಿಲ್ಲಬೇಕೆಂದು ಆತ ಬರೆದಿಟ್ಟ. ಎರಡು ಸ್ಪೀಕರಿನಲ್ಲಿ ಈ ನಾಲ್ಕೂ ಮುಂದಿನಿಂದಲೇ ಬರುತ್ತವೆ. ಅದು ರಂಗಸೂಚನೆಗಳನ್ನು ಹೊಡೆದುಹಾಕಿ ನಾಟಕ ಓದಿದಂತೆ. ಕಾಲಿನ್ ಡೇವಿಸ್ ತೀರಿಕೊಳ್ಳುವ ಹಿಂದಿನ ವರ್ಷ, 2012ರ ಜೂನ್‌ನಲ್ಲಿ, ಲಂಡನ್ ಸಿಂಫನಿ ಆರ್ಕೆಸ್ಟ್ರಾದೊಂದಿಗೆ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನಲ್ಲಿ ಇದನ್ನು ನಡೆಸಿಕೊಟ್ಟರು. ಅದರ ಡಿಸ್ಕ್ ಕೇಳುವಾಗ ಆ ಗುಮ್ಮಟದ ದೀರ್ಘ ಅನುರಣನದಲ್ಲಿ ಅಕ್ಷರಗಳು ಕಲಸಿಹೋಗುತ್ತವೆ, ನಿಜ. ಆದರೆ ತೀರ್ಪು ಎದುರಿಗಷ್ಟೇ ನಿಂತಿಲ್ಲ, ತಪ್ಪಿಸಿಕೊಳ್ಳಲು ಹಿಂದೆಯೂ ಜಾಗವಿಲ್ಲ ಎಂಬುದು ಆ ಕೃತಿಯ ಅರ್ಥದ ಭಾಗ. ಆ ಅರ್ಥ ನನ್ನ ಮನೆಯಲ್ಲಿ ಮೊದಲ ಸಲ ಕೇಳಿಸಿತು.

ನನ್ನ ಮನೆ ಎಂದೆ. ಸಮಸ್ಯೆ ಇರುವುದೂ ಅಲ್ಲೇ. ನಿಯಮದ ಪ್ರಕಾರ ಐದೂ ಸ್ಪೀಕರು ಕೇಳುಗನಿಂದ ಸಮಾನ ದೂರದಲ್ಲಿರಬೇಕು. ನಡುವಿನದು ನೇರ ಮುಂದೆ, ಅದರ ಎಡಬಲದವು 30 ಡಿಗ್ರಿಗೆ, ಹಿಂದಿನವು 110 ಡಿಗ್ರಿಯ ಆಸುಪಾಸಿನಲ್ಲಿ. ಒಂದು ಸ್ಪೀಕರು ಒಂದು ಮೀಟರ್ ಹತ್ತಿರವಾದರೆ ಅದರ ಸದ್ದು ಸುಮಾರು ಮೂರು ಮಿಲಿಸೆಕೆಂಡ್ ಮೊದಲೇ ಬಂದು ಚಿತ್ರ ಕದಡುತ್ತದೆ. ಇದನ್ನು ಸರಿಪಡಿಸುವ ಲೆಕ್ಕಾಚಾರವನ್ನು ಅನಲಾಗ್ ವೈರುಗಳಲ್ಲಿ ಬಂದ ಸದ್ದಿಗೆ ನನ್ನ ರಿಸೀವರು ಮಾಡುವುದಿಲ್ಲ. ಹಾಗಾಗಿ ಟೇಪು ಹಿಡಿದು ಹಾಲಿನ ಸಾಮಾನೆಲ್ಲ ಸರಿಸಿದೆ. ಎಡ ಹಿಂದಿನ ಸ್ಪೀಕರಿಗೆ ಸಿಕ್ಕ ಜಾಗ ಅಡುಗೆಮನೆಯ ಬಾಗಿಲ ಪಕ್ಕ. ನಡುವೆ ಒಂದು ಕುರ್ಚಿ. ಒಂದೇ.

ಒಂದು ಭಾನುವಾರ ‘ಟೈಮ್’ ಹಾಕಿದಾಗ ಅಮ್ಮ ಅಡುಗೆಮನೆಯಿಂದ ಬಂದು ನಿಂತಳು. ‘ಏನೋ ಇದು, ಬರೀ ಗಡಿಯಾರ ಹೊಡ್ಕೊಳ್ತಿದೆ. ಹಾಡೆಲ್ಲೋ?’ ಅವಳಿಗೆ ಕೇಳಿಸಿದ್ದು ಐದರಲ್ಲಿ ಒಂದು ಮೂಲೆ ಮಾತ್ರ. ಎದ್ದು ಅವಳನ್ನು ಕುರ್ಚಿಯಲ್ಲಿ ಕೂರಿಸಿ ಮೊದಲಿನಿಂದ ಹಾಕಿದೆ. ಸ್ವಲ್ಪ ಹೊತ್ತು ಕೇಳಿ, ‘ತಂಬೂರಿ ಹಿಡಿದೋರು ಹಿಂದೆ ಕೂತಿರ್ತಾರಲ್ಲ, ಹಾಡೋರಿಗೆ ಹೀಗೇ ಕೇಳೋದು’ ಎಂದಳು. ಚಿಕ್ಕಂದಿನಲ್ಲಿ ನಾಲ್ಕಾರು ವರ್ಷ ಹಿಂದೂಸ್ತಾನಿ ಕಲಿತವಳು. ಎರಡು ತಂಬೂರಿಗಳ ಶ್ರುತಿಯಲ್ಲಿ ಮುಳುಗಿ ಕೂರುವ ಹಾಡುಗಾರನ ಕಿವಿಗೂ ಎದುರು ಕೂತ ಸಭೆಯ ಕಿವಿಗೂ ಇರುವ ಅಂತರವನ್ನು ಅವಳು ಒಂದೇ ಮಾತಿನಲ್ಲಿ ಹೇಳಿಬಿಟ್ಟಿದ್ದಳು. ನಾನು ಬಾಗಿಲ ಬಳಿ ನಿಂತಿದ್ದೆ. ನನಗೀಗ ಬರೀ ಗಡಿಯಾರ ಕೇಳುತ್ತಿತ್ತು.

ಕೇಳುಗನನ್ನು ನಡುವೆ ಕೂರಿಸುವ ಈ ಕಲೆ ಉಳಿದವರನ್ನು ಹೊರಗಿಡುತ್ತದೆ. ಹಳೆಯ ರೇಡಿಯೊದ ಒಂದೇ ಸ್ಪೀಕರು ಎಷ್ಟೇ ಬಡಕಲಾದರೂ ಮನೆಯ ಎಲ್ಲರಿಗೂ ಒಂದೇ ಹಾಡನ್ನು ಕೊಡುತ್ತಿತ್ತು. ಇಷ್ಟು ವೆಚ್ಚ, ಇಷ್ಟು ವೈರು, ಕೊನೆಗೆ ಒಬ್ಬನ ಸುಖಕ್ಕೆ. ಅಂದು ಸಂಜೆ ಡಿಸ್ಕುಗಳನ್ನು ಕಪಾಟಿಗೆ ಸೇರಿಸುವಾಗ ಇವನ್ನೆಲ್ಲ ಮಾರಿಬಿಡುವ ಯೋಚನೆಯೂ ಬಂತು.

ಬೇಡ ಅನಿಸುವಂತೆ ಮಾಡಿದ್ದು ಇವುಗಳಲ್ಲಿ ಅತ್ಯಂತ ಹಳೆಯ ಧ್ವನಿಮುದ್ರಣ. ಫ್ರಿಟ್ಸ್ ರೈನರ್ 1960ರಲ್ಲಿ ಶಿಕಾಗೊ ಸಿಂಫನಿಯೊಂದಿಗೆ ಮಾಡಿದ, ರಿಮ್‌ಸ್ಕಿ-ಕೊರ್ಸಕೊವ್‌ನ ‘ಶೆಹರಜಾದೆ’. ಸಾವನ್ನು ಮುಂದೂಡಲು ರಾತ್ರಿ ರಾತ್ರಿ ಕತೆ ಹೇಳುವ ಹೆಣ್ಣಿನ ದನಿಯಾಗಿ ಅದರಲ್ಲಿ ಒಂಟಿ ಪಿಟೀಲು ಬರುತ್ತದೆ, ನುಡಿಸಿದವರು ಸಿಡ್ನಿ ಹಾರ್ತ್. ಆ ಕಾಲದಲ್ಲಿ ಆರ್‌ಸಿಎ ಕಂಪನಿ ಮೂರು ಚಾನೆಲ್ಲಿನಲ್ಲಿ ಧ್ವನಿಮುದ್ರಿಸುತ್ತಿತ್ತು: ಎಡ, ನಡು, ಬಲ. ಮೂರಿದ್ದರೆ ಒಳ್ಳೆಯದೆಂದು ಬೆಲ್ ಲ್ಯಾಬ್ಸ್ 1933ರಲ್ಲೇ ಪ್ರಯೋಗ ಮಾಡಿ ಕಂಡುಕೊಂಡಿತ್ತು. ಆದರೆ ಎಲ್‌ಪಿ ತಟ್ಟೆಯ ಗೀರಿಗೆ ಇರುವುದು ಎರಡೇ ಗೋಡೆ, ಒಂದೊಂದು ಗೋಡೆಗೆ ಒಂದೊಂದು ಚಾನೆಲ್. ಮೂರನೆಯದಕ್ಕೆ ಜಾಗವಿಲ್ಲ. ಹಾಗಾಗಿ ನಡುವನ್ನು ಎಡಬಲಕ್ಕೆ ಹಂಚಿ ಕರಗಿಸಿದರು. ಸಂಗೀತಕ್ಕೆ ಎರಡೇ ಸ್ಪೀಕರು ಸಾಕೆಂಬ ನಮ್ಮ ನಂಬಿಕೆಯ ಹಿಂದೆ ಇರುವುದು ಒಂದು ಗೀರಿನ ಆಕಾರ. 2004ರಿಂದ ಬಂದ ಸೂಪರ್ ಆಡಿಯೊ ಸಿಡಿಗಳಲ್ಲಿ ಆ ಮೂರನೆಯ ಚಾನೆಲ್ ನಾಲ್ಕು ದಶಕದ ಮೇಲೆ ಮನೆಗಳಿಗೆ ಬಂತು.

ಈ ಡಿಸ್ಕಿನಲ್ಲಿ ಹಿಂದಿನ ಸ್ಪೀಕರುಗಳು ಮೌನ. ಸುತ್ತುವುದಿಲ್ಲ, ಓಡುವುದಿಲ್ಲ. ಹೊಸ ಯಂತ್ರ ತೋರಿಸಲು ಕರೆದವರಿಗೆ ಇದನ್ನು ಯಾರೂ ಹಾಕುವುದಿಲ್ಲ. ಆದರೆ ಒಂದು ಗುಣವಿದೆ. ಎರಡು ಸ್ಪೀಕರಿನಲ್ಲಿ ನಡುವೆಂಬುದು ಭ್ರಮೆ. ಒಂದು ಮೊಳ ಪಕ್ಕಕ್ಕೆ ಸರಿದರೆ ಇಡೀ ವಾದ್ಯವೃಂದ ಹತ್ತಿರದ ಸ್ಪೀಕರಿಗೆ ಜಾರುತ್ತದೆ. ನಿಜವಾದ ನಡು ಇದ್ದರೆ ಜಾರುವುದಿಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕೂರಬಹುದು.

ಕುರ್ಚಿ ತೆಗೆದು ದಿವಾನ ಎಳೆದು ಹಾಕಿದೆ. ಅಮ್ಮ ಕೈಯೊರೆಸಿಕೊಂಡು ಬಂದು ಕೂತಳು. ಪಿಟೀಲು ಮೊದಲ ಕತೆ ಶುರುಮಾಡಿತು. ‘ಇದು ಯಾರ ಕತೆ?’ ಎಂದು ಕೇಳಿದಳು. ಹೇಳಿದೆ. ರೆಸಲ್ಯೂಷನ್ ಎಷ್ಟೆಂದು ಅವಳು ಕೇಳಲಿಲ್ಲ, ನನಗೂ ಅಂದು ನೆನಪಾಗಲಿಲ್ಲ.