ದವಡೆ ನೋವು: ಹಲ್ಲುಸಾಲಿನ ಮೇಲಿನ ಆರೋಪ

ಮೇಲಿನ ಮತ್ತು ಕೆಳಗಿನ ಹಲ್ಲುಗಳು ಸರಿಯಾಗಿ ಕೂಡದಿರುವುದೇ ದವಡೆ ಕೀಲಿನ ನೋವಿಗೆ ಮೂಲ ಎಂಬ ಸಿದ್ಧಾಂತ ತನ್ನ ಪುರಾವೆಗೆ ಮೀರಿದ ಮನ್ನಣೆ ಗಳಿಸಿದೆ. ಇದಕ್ಕೆ ಬಲ ತಂದದ್ದು ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್ 1934ರಲ್ಲಿ 11 ರೋಗಿಗಳನ್ನು ಆಧರಿಸಿ ಬರೆದ ಲೇಖನ. ದವಡೆ ಹಲ್ಲುಗಳು ಬಿದ್ದಾಗ ಕೆಳದವಡೆ ಹಿಂದೆ ಸರಿದು ನರಗಳನ್ನು ಒತ್ತುತ್ತದೆ, ಅದರಿಂದ ಕಿವಿನೋವು, ಕಿವಿಮೊರೆತ ಹುಟ್ಟುತ್ತವೆ ಎಂದರು ಕಾಸ್ಟನ್. 1948ರಲ್ಲಿ ಹ್ಯಾರಿ ಸಿಷರ್ ಅಂಗರಚನೆಯ ಆಧಾರದಿಂದ ಈ ವಿವರಣೆಯನ್ನು ಅಲ್ಲಗಳೆದರು. ವಿವರಣೆ ಬಿದ್ದರೂ ಅದರ ನೆರಳಲ್ಲಿ ಬೆಳೆದ ಚಿಕಿತ್ಸೆ ಉಳಿಯಿತು: ಅಡ್ಡ ಬರುವ ಹಲ್ಲನ್ನು ತೇದು ಕಚ್ಚು, ಅಂದರೆ ಮೇಲಿನ-ಕೆಳಗಿನ ಹಲ್ಲುಗಳು ಕೂಡುವ ಬಗೆ, ಸಮಗೊಳಿಸುವುದು.

ಈ ಚಿಕಿತ್ಸೆಯ ಸಮರ್ಥಕರು ಸದಾ ಮುಂದಿಡುವುದು ಒಂದೇ ಸಾಕ್ಷ್ಯ: ತೇದ ಮೇಲೆ ನೋವು ಇಳಿಯಿತು. ಗುಡ್‌ಮನ್, ಗ್ರೀನ್ ಮತ್ತು ಲಾಸ್ಕಿನ್ 1976ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಇಲ್ಲಿ ನಿಧಾನವಾಗಿ ಓದಬೇಕು. ಅವರು 25 ರೋಗಿಗಳಿಗೆ ಹಲ್ಲು ತೇಯುವ ನಟನೆಯನ್ನಷ್ಟೇ ಮಾಡಿದರು. ಕಚ್ಚು ಇದ್ದಂತೆಯೇ ಉಳಿಯಿತು. ಆದರೂ 16 ಮಂದಿ ನೋವು ಪೂರ್ತಿ ಅಥವಾ ಬಹುಪಾಲು ಹೋಯಿತೆಂದರು. ರೋಗಿಗಳು ಕಡಿಮೆ, ಹೋಲಿಕೆಗೆ ಬೇರೊಂದು ಗುಂಪಿಲ್ಲ. ಆದ್ದರಿಂದ ಕಚ್ಚು ನಿರಪರಾಧಿಯೆಂದು ಇದು ಸಾಧಿಸುವುದಿಲ್ಲ. ಸಾಧಿಸುವುದು ಇಷ್ಟು: ವೈದ್ಯರ ಭರವಸೆ, ರೋಗಿಯ ನಿರೀಕ್ಷೆ, ತಾನಾಗಿ ಇಳಿಯುವ ನೋವಿನ ಸ್ವಭಾವ ಇವೆಲ್ಲ ಸೇರಿ ಇಂಥ ಫಲ ತರಬಲ್ಲವು. ಹಾಗಿದ್ದಮೇಲೆ ತೇದ ನಂತರದ ಉಪಶಮನ ಸಿದ್ಧಾಂತಕ್ಕೆ ಸಾಕ್ಷಿಯಾಗಲಾರದು.

ಇದನ್ನೇ ಹಿಡಿದು ಕಚ್ಚಿನ ಪಾತ್ರ ಶೂನ್ಯವೆನ್ನುವ ವಿಮರ್ಶಕರೂ ಆತುರಪಡುತ್ತಾರೆ. ಪುಲ್ಲಿಂಜರ್, ಸೆಲಿಗ್‌ಮನ್ ಮತ್ತು ಗಾರ್ನ್‌ಬೈನ್ 1993ರಲ್ಲಿ ನಡೆಸಿದ ವಿಶ್ಲೇಷಣೆಯಲ್ಲಿ ಕೆಲವು ದೋಷಗಳು ಕೀಲಿನ ತೊಂದರೆಯೊಂದಿಗೆ ಕಾಣಿಸಿದವು: ಮುಂಭಾಗದ ಹಲ್ಲುಗಳು ಒಂದಕ್ಕೊಂದು ತಾಗದಿರುವುದು, ಒಂದೇ ಬದಿಯ ಅಡ್ಡಕಚ್ಚು, 6–7 ಮಿ.ಮೀ.ಗೂ ಹೆಚ್ಚು ಮುಂಚಾಚಿದ ಮೇಲ್ದಂತಗಳು, ಹಲವು ಹಿಂಬದಿ ಹಲ್ಲುಗಳ ನಷ್ಟ. ಆದರೆ ರೋಗಿಗಳ ನಡುವಿನ ವ್ಯತ್ಯಾಸದ ಬಹುಪಾಲನ್ನು ಕಚ್ಚು ವಿವರಿಸಲಿಲ್ಲ. ಜತೆಗಿರುವುದೆಲ್ಲ ಕಾರಣವೂ ಅಲ್ಲ: ಕೀಲಿನ ಮೂಳೆ ಸವೆದರೆ ಕೆಳದವಡೆಯ ಹಿಂಭಾಗದ ಎತ್ತರ ತಗ್ಗಿ, ಮುಂದಿನ ಹಲ್ಲುಗಳ ನಡುವೆ ಸಂದು ಬೀಳಬಹುದು. ಆಗ ಕಚ್ಚಿನ ದೋಷ ರೋಗದ ಪರಿಣಾಮ.

ಹಲ್ಲು ಕಡಿಯುವ ಅಭ್ಯಾಸ, ಪೆಟ್ಟು, ಸಂಧಿವಾತ, ಮಾನಸಿಕ ಒತ್ತಡ, ನಿದ್ರೆಯ ಕೊರತೆಗಳನ್ನು ವಿಚಾರಿಸದೆ ಕಚ್ಚನ್ನಷ್ಟೇ ದೂಷಿಸುವುದು ಅರೆ ರೋಗನಿರ್ಣಯ. ಹಲ್ಲು ತೇಯುವುದರಿಂದ ಈ ನೋವು ಗುಣವಾಗುತ್ತದೆ ಅಥವಾ ತಪ್ಪುತ್ತದೆ ಎಂಬುದಕ್ಕೆ ಪುರಾವೆಯಿಲ್ಲವೆಂದು, ಪ್ರಯೋಗಗಳನ್ನು ಒಟ್ಟಾಗಿ ತೂಗಿದ 2003ರ ಕಾಕ್ರೇನ್ ಸಮೀಕ್ಷೆ ಹೇಳಿತು. ತೇದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. ದವಡೆಗೆ ವಿಶ್ರಾಂತಿ, ಮೆತ್ತಗಿನ ಆಹಾರ, ವ್ಯಾಯಾಮ ಮೊದಲು ಬರಬೇಕು. ಕೀಲು ನೋವಿನ ಹೆಸರಿನಲ್ಲಿ ಆರೋಗ್ಯವಾದ ಹಲ್ಲನ್ನು ತೇಯುವುದು ನಿಲ್ಲಬೇಕು.